ಮೂವತ್ತೊಂದು ಹವಾಯಿ ಬಟ್ಟಲು

1999ರ ಜೂನ್ 12, ಶನಿವಾರ, ಬೆಳಗ್ಗೆ 10.20. ಅಮೆರಿಕದ ಸನ್ನಿವೇಲ್‌ನ ಪೊಲೀಸ್ ಸ್ಟೇಷನ್ನಿಗೆ ಎಂಜಿನಿಯರ್ ಜಗನ್ನಾಥ ಬಂದು ದೂರು ಕೊಟ್ಟ: ಅಪಾರ್ಟ್‌ಮೆಂಟಿನಿಂದ ಮೂವತ್ತೊಂದು ಗ್ರಾಮಫೋನ್ ರೆಕಾರ್ಡು ಕಳುವಾಗಿವೆ. ಐವತ್ತು ವರ್ಷದ ಹಿಂದೆ ಹವಾಯಿಗೆ ಬರುವ ಪ್ರವಾಸಿಗರಿಗೆ ಮಾರಲೆಂದೇ ಮಾಡಿದ ಹಾಡುಗಳು. ಲೇಬಲ್ಲಿನಲ್ಲಿ ತೆಂಗಿನ ಮರ, ಹುಲ್ಲಿನ ಲಂಗದ ಹುಡುಗಿ. ಹನ್ನೆರಡು ವರ್ಷ ಹುಡುಕಿ ಕೂಡಿಸಿದ್ದನಂತೆ.

ಇನ್‌ಸ್ಪೆಕ್ಟರ್ ವ್ಯಾಸರಾಜ ಧಾರವಾಡದ ಕಡೆಯವರು. ಎಫ್‌ಐಆರ್‌ಗೆ ಇಲ್ಲಿ ರಿಪೋರ್ಟು ಅಂತಾರೆ; ಬರೆಯೋ ಕರ್ಮ ಮಾತ್ರ ಎಲ್ಲ ಕಡೆ ಒಂದೇ. ಬರೆದರು.

11.15ಕ್ಕೆ ಸ್ಥಳ ಪರಿಶೀಲನೆ. ಬೀಗ ಒಡೆದಿಲ್ಲ, ಕಿಟಕಿ ಸರಿಯಿದೆ. ಕಾನ್‌ಸ್ಟೇಬಲ್ ಕೆಳಗಿನ ಮನೆಯವರನ್ನು ವಿಚಾರಿಸಿ ಬಂದ: ಗುರುವಾರ ಮಧ್ಯಾಹ್ನವಿಡೀ ಸುಟ್ಟ ವಾಸನೆ. ಓವನ್ನಿನ ಕಂಬಿಗೆ ಅರಗಿನಂಥ ಕಪ್ಪು ಮೆತ್ತಿತ್ತು. ಆ ದಿನ ಮನೆಯಲ್ಲಿದ್ದವಳು ಜಗನ್ನಾಥನ ತಂಗಿ ವೇದವತಿ ಒಬ್ಬಳೇ.

"ಗುರುವಾರ ಏನ್ ಬೇಯಿಸಿದ್ರಿ?" ವ್ಯಾಸರಾಜರು ಕೇಳಿದರು.

"ರೆಕಾರ್ಡು."

ಕಪಾಟು ತೆಗೆದು ತೋರಿಸಿದಳು. ಬಿಸಿಗೆ ಮೆತ್ತಗಾದ ರೆಕಾರ್ಡುಗಳನ್ನು ಬೋರಲು ಪಾತ್ರೆಯ ಮೇಲೆ ಹಾಕಿ ಬಗ್ಗಿಸಿದ ಬಟ್ಟಲುಗಳು, ಒಂದರೊಳಗೊಂದು. ತಳದಲ್ಲಿ ತೆಂಗಿನ ಮರ ಹಾಗೇ ಇತ್ತು.

"ನಿನ್ನೆ ಚೂಡಾ ತಿಂದ್ಯಲ್ಲ ಅಣ್ಣ, ಇದರಲ್ಲೇ ಕೊಟ್ಟಿದ್ದು. ನೀನು ಟಿವಿ ನೋಡ್ತಾ ಇದ್ದೆ, ತಳ ನೋಡ್ಲೇ ಇಲ್ಲ."

ಜಗನ್ನಾಥ ನೆಲದ ಮೇಲೇ ಕೂತುಬಿಟ್ಟ.

"ಯಾಕ ತಂಗಿ, ಯಾಕ ಹಿಂಗ ಮಾಡಿದ್ರಿ?" ವ್ಯಾಸರಾಜರು ಅವಳನ್ನು ಕೇಳಿದರು.

"ಅಮ್ಮಂಗೆ ಬರೆಯೋಕೆ ಬರ್ತಿರ್ಲಿಲ್ಲ ಸಾರ್. ಕಾಗದದ ಬದಲು ಮೈಸೂರಿಂದ ಕ್ಯಾಸೆಟ್ಟಲ್ಲಿ ಮಾತಾಡಿ ಕಳಿಸ್ತಿದ್ಲು. ಸಾಯೋ ಮುಂಚೆ ಕಳಿಸಿದ್ದೊಂದೇ ನನ್ನ ಹತ್ರ ಉಳಿದಿತ್ತು. ಕಾರಲ್ಲಿ ಕೇಳೋಕೆ ಅಂತ ಇವನು ಅದರ ಮೇಲೆ ಈ ಹಾಡು ತುಂಬಿಸ್ಕೊಂಡ."

"ಗೊತ್ತಿಲ್ದ ಮಾಡಿದ್ರೇನು?" ವ್ಯಾಸರಾಜರು ಅಣ್ಣನ ಕಡೆ ತಿರುಗಿದರು.

"ಗೊತ್ತಿತ್ತು. ಮೂರು ವರ್ಷದಿಂದ ದಿನಾ ಅದೇ ಹಾಕ್ಕೊಂಡು ಇವಳ ಅಳು. ನನಗೂ ಅಮ್ಮನೇ ಅಲ್ವಾ ಸಾರ್, ನಾನು ಅತ್ತು ಮುಗಿಸಿಲ್ವಾ? ಬೇರೆ ಖಾಲಿ ಕ್ಯಾಸೆಟ್ ತಂದುಕೊಡ್ತೀನಿ ಅಂದೆ."

ವ್ಯಾಸರಾಜರಿಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಆದರೆ ಕಾನೂನು ಅವನ ಕಡೆಗಿತ್ತು. 12.40ಕ್ಕೆ ವೇದವತಿಯನ್ನು ಬಂಧಿಸಿದರು.

ಬಾಗಿಲಲ್ಲಿ ಜಗನ್ನಾಥ ಅಡ್ಡ ಬಂದ. "ಸಾರ್, ಆ ಕ್ಯಾಸೆಟ್ ಇವಳ ಚೀಲದಲ್ಲಿದೆ. ನನ್ನ ಹಾಡು ಈಗ ಉಳಿದಿರೋದು ಅದರಲ್ಲಿ ಮಾತ್ರ."

ಅಲ್ಲಿಯವರೆಗೆ ಕದಲದಿದ್ದ ವೇದವತಿ ಚೀಲವನ್ನು ಎದೆಗೆ ಅವಚಿಕೊಂಡಳು. "ಇದೊಂದು ಬಿಟ್ಬಿಡಿ ಸಾರ್. ಕೊನೇಲಿ ಇವನ ಹಾಡು ಮುಗಿದ ಮೇಲೆ ಒಂಚೂರು ಉಳಿದಿದೆ. ಅಮ್ಮ ಕೆಮ್ತಾಳೆ. 'ಟೇಪು ಮುಗೀತಾ ಬಂತು ಕಣೇ ವೇದಾ' ಅಂತಾಳೆ."

ಸಾಕ್ಷ್ಯವನ್ನು ಬಿಡುವಂತಿರಲಿಲ್ಲ. ಕಾನ್‌ಸ್ಟೇಬಲ್ ಅವಳ ಬೆರಳು ಬಿಡಿಸಿ ಚೀಲ ತೆಗೆದುಕೊಂಡ. ಕ್ಯಾಸೆಟ್ಟಿನ ಮೇಲೆ ಜಗನ್ನಾಥನ ಕೈಬರಹದ ಚೀಟಿಯಿತ್ತು. ಜಪ್ತಿ ಪಟ್ಟಿಯಲ್ಲಿ ಅದನ್ನು ನೋಡಿಯೇ ಬರೆದ. ಹವಾಯಿ ಸಂಗೀತದ ಕ್ಯಾಸೆಟ್, ಒಂದು. ಮಾಲೀಕರು, ಜಗನ್ನಾಥ. ವ್ಯಾಸರಾಜರು ಕೆಳಗೆ ಸಹಿ ಹಾಕಿದರು.