ಗಿರಣಿ ತಿರುವಿನ ಮೂರು ಅಪಘಾತ

ಸೋಮವಾರ ಬೆಳಿಗ್ಗೆ 7.20ಕ್ಕೆ ಆಟೊ ಚಾಲಕ ಶಾಂತರಾಜು ಕೊಳ್ಳೇಗಾಲದ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ಹನೂರು ರಸ್ತೆಯ ಗಿರಣಿ ತಿರುವಿನಲ್ಲಿ ಗಾಜು ಚುಚ್ಚಿ ಅವನ ಆಟೊದ ಮುಂದಿನ ಟೈರು ಒಡೆದಿತ್ತು. ಗಾಜಿನ ಪಕ್ಕದಲ್ಲಿ ರಕ್ತ, ಒಂಟಿ ಚಪ್ಪಲಿ. ಗುದ್ದಿದ ಗಾಡಿಯೂ ಇಲ್ಲ, ಗುದ್ದಿಸಿಕೊಂಡವರೂ ಇಲ್ಲ.

"ಯಾರೋ ಎತ್ತಾಕಂಡು ಓಗ್ಬುಟ್ಟವ್ರೆ ಸಾ. ನಾನೂ ಮೋರಿಗೆ ಬೀಳ್ಬೇಕಿತ್ತು, ಚೂರಲ್ ಉಳ್ಕಂಡೆ," ಎಂದ.

ಇನ್‌ಸ್ಪೆಕ್ಟರ್ ಗುರುಪ್ರಕಾಶ್ ಯಳಂದೂರಿನಲ್ಲಿ ಬಂದೋಬಸ್ತು ಮುಗಿಸಿ ಬೆಳಗಿನ ಜಾವ ಮಲಗಿದ್ದವರು. ಒಂದೇ ತಿಂಗಳಲ್ಲಿ ಅದೇ ತಿರುವಿನಿಂದ ಇದು ಮೂರನೇ ದೂರು. ಎಫ್‌ಐಆರ್‌ನಲ್ಲಿ 'ಅಪರಿಚಿತ ವಾಹನ' ಎಂದು ಬರೆಸಿ, ಕಾಫಿಯನ್ನೂ ಕುಡಿಯದೆ ಜೀಪು ಹತ್ತಿದರು.

ಸ್ಥಳ ಪಂಚನಾಮೆ ಒಂಬತ್ತಕ್ಕೆ ಮುಗಿಯಿತು. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. ಕಾನ್‌ಸ್ಟೆಬಲ್ ಪುಟ್ಟಮಾದಪ್ಪ ಕೊಳ್ಳೇಗಾಲ, ಕಾಮಗೆರೆಯ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದ. ಪೆಟ್ಟು ತಿಂದವರು ಯಾರೂ ಬಂದಿರಲಿಲ್ಲ. ಮಧ್ಯಾಹ್ನ ಹಿಂದಿನ ಎರಡು ಪ್ರಕರಣಗಳ ಲ್ಯಾಬ್ ವರದಿ ಬಂತು. ಎರಡರಲ್ಲೂ ಕುರಿಯ ರಕ್ತ.

"ಕುರಿಗೆ ಗುದ್ದವ್ರೆ ಸಾ."

"ಕುರಿ ಚಪ್ಪಲಿ ಹಾಕ್ಕಂಡಿತ್ತೇನಯ್ಯ?"

ಪುಟ್ಟಮಾದಪ್ಪ ತಲೆ ಕೆರೆದುಕೊಂಡು, ಜಪ್ತಿ ಮಾಡಿದ ಮೂರು ಚಪ್ಪಲಿಗಳನ್ನು ಮೇಜಿನ ಮೇಲೆ ತಂದಿಟ್ಟ. ಮೊದಲ ಪ್ರಕರಣದ ಎಡಗಾಲಿನದಕ್ಕೆ ಇವತ್ತಿನ ಬಲಗಾಲಿನದು ಸರಿಯಾಗಿ ಜೋಡಿಯಾಯಿತು. ಸವೆದ, ಹೆಂಗಸರ ಚಪ್ಪಲಿ.

ಮೂರು ಗಂಟೆಗೆ ಅವರು ಮುತ್ತಯ್ಯನ ಮಟನ್ ಅಂಗಡಿಯಲ್ಲಿದ್ದರು. ಆ ಕಡೆ ರಕ್ತ ಮಾರುವುದು ಅವನೊಬ್ಬನೇ.

"ರಕ್ತ ಯಾರ್ಯಾರು ಒಯ್ತಾರೆ?"

"ಎಲ್ಲಾ ಉರ್ಕಂಡು ತಿನ್ನೋರೇ ಸಾ, ಹಳೇ ಗಿರಾಕಿಗಳು." ಮುತ್ತಯ್ಯ ಕತ್ತಿ ಕೆಳಗಿಟ್ಟ. "ಒಬ್ರು ಮಾತ್ರ ಬ್ಯಾರೆ. ಶಿವಾಚಾರದಮ್ಮ. ಅಣೆ ತುಂಬ ಈಬೂತಿ, ಕುತ್ಗೇಲಿ ಲಿಂಗದ ಕರಡಿಗೆ. ಆ ಕಡೆ ಮಕ ತಿರುಗಿಸ್ಕಂಡು ಕ್ಯಾನ್ ಚಾಚ್ತಾರೆ. ಯಾಕಮ್ಮ ಅಂದ್ರೆ ಗಿಡಕ್ಕೆ ಅಂತಾರೆ."

"ಯಾರವರು?"

"ಗಿರಣಿ ವೀರಮ್ಮ."

ಲಿಂಗಾಯತರ ಮನೆಯ ಹೆಂಗಸು, ಮೊಟ್ಟೆಯನ್ನೂ ಮುಟ್ಟದವಳು, ಕುರಿಯ ರಕ್ತ ಹಿಡಿದುಕೊಂಡು ಹೋಗುವುದೆಂದರೇನು! ಹೆಂಗಸಿನ ದಸ್ತಗಿರಿಯಾದ್ದರಿಂದ ಗುರುಪ್ರಕಾಶ್ ಮಹಿಳಾ ಕಾನ್‌ಸ್ಟೆಬಲ್ ಭವ್ಯಶ್ರೀಯನ್ನು ಕರೆಸಿಕೊಂಡರು.

ಹಿಟ್ಟಿನ ಗಿರಣಿ ತಿರುವಿನ ಮೂಲೆಯಲ್ಲೇ ಇತ್ತು. ಎದುರಿಗೆ ಶಾಲೆ. ಅರವತ್ತು ದಾಟಿದ ವೀರಮ್ಮ ರಾಗಿ ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಹೊರಬಂದಳು. ಚಪ್ಪಲಿಗಳನ್ನು ನೋಡಿದವಳು ಸುಳ್ಳು ಹೇಳಲಿಲ್ಲ.

"ನಂದೇ ಸಾ."

"ಗಾಜು?"

"ಗ್ಯಾರೇಜಿನ ಹಿಂದ್ಗಡೆ ಬಿದ್ದಿತ್ತು, ಆಯ್ಕಬಂದೆ."

"ಯಾಕಮ್ಮ?"

"ಹೋದ ವರ್ಸ ಯಾವ್ದೋ ಕಂಪ್ನಿಯೋರು ಕ್ಯಾಮೆರಾ ಗಾಡೀಲಿ ರೋಡ್ ಸರ್ವೆಗೆ ಬಂದಿದ್ರು, ಎಲ್ಲೆಲ್ಲಿ ಅಪಾಯ ಅದೆ ಅಂತ ನೋಡಕ್ಕೆ. ಈ ಗೋಡೆ ಮರೇಲಿ ಗಾಡಿ ಕಾಣಕಿಲ್ಲ, ಹಂಪ್ಸ್ ಆಕ್ಸಿ ಅಂದೆ. ಇಲ್ಲಿ ಎಷ್ಟು ಆಕ್ಸಿಡೆಂಟ್ ಆಗವೆ ಅಜ್ಜಿ ಅಂದ್ರು. ಒಂದೂ ಆಗಿಲ್ಲ ಅಂದೆ. ನಿಜ ತಾನೆ ಏಳ್ಬೇಕು? ಅಂಗಾದ್ರೆ ಸರಿಯಾಗೇ ಅದೆ ಬುಡಿ ಅಂತ ಬರ್ಕಂಡು ಓದ್ರು."

"ಅದಕ್ಕೆ ನೀವೇ ಆಕ್ಸಿಡೆಂಟ್ ಮಾಡಿದ್ರಿ."

"ಊರು ಕೊಳ್ಳೆ ಒಡೆದ್ ಮ್ಯಾಲೆ ಕೋಟೆ ಬಾಗ್ಲು ಆಕೋ ಜನ ಸಾ ಇವ್ರು. ಮಗೀನ ಚಪ್ಲಿ ಇಟ್ಟಿದ್ರೆ ಬೇಗ ಕೆಲ್ಸ ಆಗ್ತಿತ್ತೇನೋ. ಕೈ ಬರ್ನಿಲ್ಲ." ಅವಳು ಕರಡಿಗೆಯನ್ನು ಸೆರಗಿನೊಳಗೆ ಸರಿಸಿದಳು. "ರಕ್ತ ಮುಟ್ಟಿದ್ ದಿನ ಉಪಾಸ ಇದ್ದೆ. ಶಿವನೇ ನೋಡ್ಕತಾನೆ."

"ಶಾಂತರಾಜು ಆಟೊ ಟೈರು ಒಡೀತಲ್ಲ. ಅವನು ಸತ್ತಿದ್ರೆ?"

ವೀರಮ್ಮನ ಮುಖ ಇಳಿಯಿತು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಗಿರಣಿಯ ಬಾಗಿಲು ಹಿಡಿದು ಹಾಗೇ ಕುಳಿತುಬಿಟ್ಟಳು.

ನಾಲ್ಕೂವರೆಗೆ ಶಾಲೆ ಬಿಟ್ಟಿತು. ಮಕ್ಕಳು ಗುಂಪಾಗಿ ರಸ್ತೆಗೆ ನುಗ್ಗಿದರು. ಗೋಡೆಯ ಮರೆಯಿಂದ ಟಿಪ್ಪರ್ ಒಂದು ಏಕಾಏಕಿ ಹೊರಬಂತು. ಭವ್ಯಶ್ರೀ ಕೂಗುತ್ತಾ ಓಡಿ ಒಂದು ಹುಡುಗಿಯ ಬ್ಯಾಗು ಹಿಡಿದೆಳೆದಳು. ಟಿಪ್ಪರ್ ಹಾರ್ನ್ ಹೊಡೆದುಕೊಂಡು ಹೋಯಿತು. ಗುರುಪ್ರಕಾಶ್ ರಸ್ತೆಗೆ ಇಳಿದು ಉಳಿದ ಮಕ್ಕಳನ್ನು ಪಕ್ಕಕ್ಕೆ ಸರಿಸಿದರು.

"ದಿನಾ ಇಂಗೇಯಾ ಸಾ," ಎಂದಳು ವೀರಮ್ಮ, ತಣ್ಣಗೆ.

ಸಾರ್ವಜನಿಕ ರಸ್ತೆಯಲ್ಲಿ ಅಪಾಯ ಒಡ್ಡಿದ ಆರೋಪದ ಮೇಲೆ 5.10ಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು. ಕತ್ತಲಾಗುವ ಮೊದಲೇ ಠಾಣೆಯಲ್ಲೇ ಜಾಮೀನೂ ಸಿಕ್ಕಿತು. ಹೊರಡುವಾಗ ಅವಳು ಕೇಳಿದ್ದು ಒಂದೇ ಮಾತು.

"ಹಂಪ್ಸ್ ಮಂಜೂರಾಗ್ಯದೆ ಅಂತಿದ್ರು ಠಾಣೇಲಿ. ಆಕ್ತಾರಾ ಸಾ?"

"ಮೂರು ಆಕ್ಸಿಡೆಂಟ್ ಆಗಿದೆ ಅಂತ ಇವತ್ತು ಮಧ್ಯಾಹ್ನ ತಾನೇ ಮಂಜೂರಾಗಿತ್ತು ಅಮ್ಮ. ಆಗೇ ಇಲ್ಲ ಅಂತ ಈಗ ನಾನೇ ಬರೀಬೇಕು."

ಅವಳು ಹೋದ ಮೇಲೆ ಗುರುಪ್ರಕಾಶ್ ಠಾಣೆಯ ಮುಂದಿದ್ದ ಎರಡು ಬ್ಯಾರಿಕೇಡುಗಳನ್ನು ಗಿರಣಿ ತಿರುವಿಗೆ ಹಾಕಿಸಿದರು. ಅಮಾವಾಸ್ಯೆಗೆ ಮಹದೇಶ್ವರ ಬೆಟ್ಟದ ಬಂದೋಬಸ್ತಿಗೆ ಅವು ಬೇಕೇ ಬೇಕು. ಅಲ್ಲಿಗೆ ಇನ್ನೊಂದು ವಾರ ಮಾತ್ರ ಇತ್ತು.

ವರದಿಗೆ ಕೂತಾಗ ಪುಟ್ಟಮಾದಪ್ಪ ಪಿಸುಗುಟ್ಟಿದ: "ಪಾಪ, ಆಯಮ್ಮನ ಮೊಮ್ಮಕ್ಳು ಯಾರಾದ್ರೂ ಅಲ್ಲಿ ಓಗ್ಬುಟ್ಟಿರ್ಬೇಕು ಸಾ."

"ಕೇಳ್ದೆ ಕಣಯ್ಯ, ಯಾರನ್ನ ಕಳಕೊಂಡ್ರಿ ಅಂತ. ಯಾರನ್ನೂ ಇಲ್ಲ. ಕಳಕಂಡ ಮ್ಯಾಲೆ ಹಂಪ್ಸ್ ಯಾಕ್ ಸಾ ಅಂದ್ಲು."

ಗುರುಪ್ರಕಾಶ್ ಕಣ್ಣುಜ್ಜಿಕೊಂಡು, ಅಪರಾಧದ ಉದ್ದೇಶ ಎಂಬಲ್ಲಿ ಬರೆದರು: 'ಆ ತಿರುವಿನಲ್ಲಿ ಇದುವರೆಗೆ ಯಾರೂ ಸತ್ತಿಲ್ಲ.'