ವೆಸ್ಟಾಳ ಮನೆಯಲ್ಲಿ ಎಷ್ಟು ಜನ

"ಮನೆಯಲ್ಲಿ ಎಷ್ಟು ಜನ ಇದ್ದೀರಿ?" ಮೇಜಿನಾಚೆಯ ಹುಡುಗಿ ಕೇಳಿದಳು.

"ಇಬ್ಬರು," ಎಂದಳು ವೆಸ್ಟಾ.

ಪಕ್ಕದ ಕುರ್ಚಿಯಲ್ಲಿದ್ದ ಡೆಲ್ಬರ್ಟ್ ತಿರುಗಿ ನೋಡಿದ. ವೆಸ್ಟಾಳ ಗಂಡ ತೀರಿಕೊಂಡು ಎಂಟು ವರ್ಷ. ಮಕ್ಕಳಿಲ್ಲ, ಒಂದು ಬೆಕ್ಕೂ ಇಲ್ಲ. ಈ ಎರಡನೆಯವರು ಯಾರಪ್ಪಾ ಎಂದು ಅವನು ನಿಜಕ್ಕೂ ತಲೆ ಕೆರೆದುಕೊಂಡ.

"ಇನ್ನೊಬ್ಬರ ಹೆಸರು?"

"ಇವನೇ. ಡೆಲ್ಬರ್ಟ್ ನೇಪಿಯರ್."

ಹೇಳಿದವಳು ಅವನತ್ತ ನೋಡಲಿಲ್ಲ. ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸತೊಡಗಿದಳು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಕೆಂಟಕಿಯ ಗುಡ್ಡಗಳ ನಡುವಿನ ಆ ಊರಿನಲ್ಲಿ, ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಆಫೀಸು ಅದು. ಗಾಲಿಗಳ ಮೇಲೆ ಎಳೆದು ತಂದು ನಿಲ್ಲಿಸಿದ್ದ ವೆಸ್ಟಾಳ ಗಾಲಿಮನೆಯ ಕೆಳಗಿನ ಜಾಗವನ್ನು ಹೊಸಬನೊಬ್ಬ ಕೊಂಡು, ತಿಂಗಳೊಳಗೆ ಎತ್ತಿಕೊಂಡು ಹೋಗು ಎಂದು ನೋಟಿಸು ಕಳಿಸಿದ್ದ. ಎತ್ತಿದರೆ ಆ ಹಳೇ ಮನೆ ನಡುವೆ ಮುರಿದು ಬೀಳುವುದು ಖಂಡಿತ. ಮಂಗಳವಾರ ಕೋರ್ಟು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ವೆಸ್ಟಾಳಿಗೆ ವಕೀಲರನ್ನು ಇಡುವ ಶಕ್ತಿ ಎಲ್ಲಿಯದು? ಅದಕ್ಕೇ ಡೆಲ್ಬರ್ಟ್ ತಾನು ಓಡಿಸುವ ಗ್ಯಾಸ್ ಲಾರಿಯಲ್ಲಿ ಅವಳನ್ನು ಕರೆತಂದಿದ್ದ.

ಮೂರು ವರ್ಷದಿಂದ ದಿನಾ ಸಂಜೆ ಅವನು ಅವಳಲ್ಲಿಗೆ ಬಂದು ಉಣ್ಣುತ್ತಿದ್ದ. ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ಉಂಡು, ತಟ್ಟೆ ತೊಳೆದು, "ಬರ್ತೀನಿ ವೆಸ್ಟಾ" ಎಂದು ಟೈರ್ ಅಂಗಡಿಯ ಮೇಲಿನ ತನ್ನ ರೂಮಿಗೆ ಹೋಗುತ್ತಿದ್ದ. ಅಷ್ಟೇ. ಅವಳ ಕೈಯನ್ನೂ ಮುಟ್ಟಿದವನಲ್ಲ.

ಹುಡುಗಿ ಅವನ ಸಂಬಳ ಕೇಳಿ ಟೈಪ್ ಮಾಡಿದಳು. ಬೆರಳು ನಿಂತವು.

"ಇಬ್ಬರದೂ ಸೇರಿದ್ರೆ ಆದಾಯದ ಮಿತಿ ದಾಟುತ್ತೆ ಅಮ್ಮ. ವಕೀಲರನ್ನ ಕೊಡೋಕಾಗಲ್ಲ."

"ಇವನ ಸಂಬಳ ಯಾಕೆ ಬಂತು ನಡುವೆ?"

"ಮನೆಯವರು ಅಂದ್ರಲ್ಲ."

"ದಿನಾ ಅವನಿಗೊಂದು ತಟ್ಟೆ ಇಡ್ತೀನಿ. ನಮ್ಮ ಕಣಿವೆಲಿ ತಟ್ಟೆ ಇಟ್ಟೋರನ್ನೆಲ್ಲ ಮನೆಯೋರು ಅಂತಾನೇ ಎಣಿಸೋದು. ನಮ್ಮಮ್ಮ ಜನಗಣತಿಯೋರಿಗೂ ಹಂಗೇ ಬರೆಸ್ತಿದ್ಲು."

"ವೆಸ್ಟಾ," ಡೆಲ್ಬರ್ಟ್ ಮೆಲ್ಲಗೆ ಹೇಳಿದ, "ಇವನು ನಮ್ಮನೆಯೋನಲ್ಲ ಅನ್ನು."

"ಅನ್ನಲ್ಲ."

"ಮನೆ ಕೈಬಿಟ್ಟು ಹೋಗುತ್ತೆ ಕಣೇ."

"ಹೋಗ್ಲಿ. ಇರೋದನ್ನ ಇಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ."

ಡೆಲ್ಬರ್ಟ್ ಬೆರಗಾಗಿ ಅವಳನ್ನೇ ನೋಡಿದ. ಸೂರು ಹೋದರೂ ಸರಿ, ಪಟ್ಟಿಯಿಂದ ಅವನ ಹೆಸರು ತೆಗೆಯಲು ಒಲ್ಲೆನೆನ್ನುತ್ತಿದ್ದಾಳೆ. ಇಂಥ ಹಟ ತನಗಾಗಿ ಯಾರಾದರೂ ಹಿಡಿದಾರೆಂದು ಅವನು ಐವತ್ತೊಂದು ವರ್ಷದಲ್ಲಿ ಒಮ್ಮೆಯೂ ಎಣಿಸಿರಲಿಲ್ಲ.

ಅವನು ಹುಡುಗಿಯ ಕಡೆ ತಿರುಗಿದ. "ಮೇಡಂ, ನನ್ನ ರೂಮಿನ ಬಾಡಿಗೆ ನಾನೇ ಕಟ್ತೀನಿ. ಟಪಾಲು ಅಲ್ಲಿಗೇ ಬರುತ್ತೆ. ಇವಳ ಮನೇಲಿ ಒಂದು ರಾತ್ರೀನೂ ಮಲಗಿಲ್ಲ. ಒಂದು ಟೂತ್‌ಬ್ರಷ್ ಕೂಡ ಇಟ್ಟಿಲ್ಲ. ಯಾವಾಗ್ಲಾದ್ರೂ ಒಂದು ಚೀಲ ಆಲೂಗಡ್ಡೆ ತಂದ್ಕೊಡ್ತೀನಿ, ಅಷ್ಟೇ."

ಒಂದೊಂದು ಮಾತೂ ನಿಜ. ಒಂದೊಂದನ್ನು ಹೇಳುವಾಗಲೂ ಅವನಿಗೆ ಸಂಕಟವಾಯಿತು.

ಹುಡುಗಿ ಇಬ್ಬರನ್ನೂ ನೋಡಿ ನಗು ತಡೆದುಕೊಂಡಳು. "ಊಟಕ್ಕೆ ಬರೋರನ್ನ ಕಾನೂನು ಎಣಿಸಲ್ಲ ಅಮ್ಮ. ಜೊತೆಗಿದ್ದು ಸಂಸಾರ ಮಾಡೋರನ್ನ ಮಾತ್ರ. ಒಬ್ಬರೇ ಅಂತ ಬರ್ಕೊಳ್ತೀನಿ. ಆಗ ನೀವು ಮಿತಿಯೊಳಗೇ ಇದ್ದೀರಿ. ಮಂಗಳವಾರ ನಿಮ್ಮ ಪಕ್ಕ ವಕೀಲರು ನಿಂತಿರ್ತಾರೆ, ಖರ್ಚಿಲ್ಲದೆ."

ಲಾರಿ ಹತ್ತಿದ ಮೇಲೆ ವೆಸ್ಟಾ ಕಿಟಕಿಯ ಕಡೆ ಮುಖ ಮಾಡಿದಳು.

"ಎಷ್ಟು ಚೆಂದ ಹೇಳ್ದೆ. ಟೂತ್‌ಬ್ರಷ್ ಕೂಡ ಇಟ್ಟಿಲ್ಲವಂತೆ."

"ನಿಜ ತಾನೆ?"

"ನಿಜವೇ. ಅದಕ್ಕೇ ಉರೀತು."

ಡೆಲ್ಬರ್ಟ್ ಚರ್ಚಿನೊಳಗೆ ತೆಗೆಯುವಂತೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಪ್ಪ ಅಮ್ಮ ಇಲ್ದೆ ನಾಲ್ಕು ಮನೇಲಿ ಬೆಳ್ದೆ ನಾನು. ಇವನು ನಮ್ಮೋನು ಅಂತ ಯಾರೂ ಎಲ್ಲೂ ಬರೆಸಿಲ್ಲ. ನೀನು, ಆ ಹುಡುಗಿ ಕೇಳಿದ ಕೂಡ್ಲೇ ಅಂದ್ಬಿಟ್ಟೆ. ಯೋಚ್ನೇನೂ ಮಾಡ್ಲಿಲ್ಲ."

"ಯೋಚ್ನೆ ಮಾಡೋಕೇನಿದೆ ಅದ್ರಲ್ಲಿ?"

ಅವನು ಅವಳನ್ನು ನೋಡಿದ. ಕಿವಿಯ ಬಳಿ ನರೆಗೂದಲು, ಗಲ್ಲದ ಮೇಲೆ ಬೆಳಗಿನ ಅಡುಗೆಯ ಹಿಟ್ಟಿನ ಚುಕ್ಕೆ. ದಿನವೂ ಕಂಡ ಮುಖವೇ. ಆದರೂ ದೊಡ್ಡದೇನನ್ನೋ ಕಂಡವನಂತೆ ಅವನಿಗೆ ಮೈ ಜುಮ್ಮೆಂದಿತು.

"ಕೇಸು ಮುಗೀಲಿ. ಆಮೇಲೆ ನಿನ್ನನ್ನ ಒಂದು ಮಾತು ಕೇಳ್ತೀನಿ."

"ಈಗ್ಲೇ ಕೇಳು ಮಾರಾಯ. ಮಾತಿಗೇನು ಆದಾಯದ ಮಿತಿ ಇಲ್ವಲ್ಲ."

"ನನ್ನ ಮದ್ವೆ ಆಗ್ತೀಯಾ?"

ಅವಳು ಕಿಟಕಿಯಿಂದ ಅವನತ್ತ ತಿರುಗಿದಳು. "ಆಗ್ತೀನಿ. ಜಡ್ಜು ತೀರ್ಪು ಕೊಟ್ಟ ಮೇಲೆ."

"ಕೇಸು ಸೋತ್ರೆ?"

"ಆಗ್ಲೂ. ಆದ್ರೆ ಯಾಕೆ ಸೋಲ್ತೀವಿ? ನಮಗೆ ವಕೀಲರಿದ್ದಾರೆ."

"ನಿನಗೆ," ಎಂದು ಅವನು ತಿದ್ದಿದ. "ಮಂಗಳವಾರದ ತನಕ ನಾನು ಹೊರಗಿನೋನು."

ವೆಸ್ಟಾ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ಗೇರಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಡೆಲ್ಬರ್ಟ್ ಲಾರಿ ಹೊರಡಿಸಲಿಲ್ಲ. ಹೊರಡಿಸಲು ಅವಳ ಕೈಯಡಿಯಿದ್ದ ಆ ಕೈಯೇ ಬೇಕಿತ್ತು.