ಇಳಿಜಾರಿನಲ್ಲಿ ಕಲ್ಲಾದ ಬ್ರೇಕು

"ನನ್ನ ಗಂಡನ್ನ ಕೊಂದಿದ್ದು ನನ್ನ ಮೈದುನಾನೇ. ಅದನ್ನ ನೀವು ಸಾಬೀತು ಮಾಡಿಕೊಡಬೇಕು," ಎಂದಳು ಆ ಹೆಣ್ಣುಮಗಳು. ಮುರಿದ ಕೈಯನ್ನು ಪಟ್ಟಿಯಲ್ಲಿ ಕತ್ತಿಗೆ ನೇತುಹಾಕಿದ್ದರು. ಅತ್ತು ಅತ್ತು ದನಿ ಒಡೆದುಹೋಗಿತ್ತು.

ಕ್ಲಿನಿಕ್ಕೊಂದರಲ್ಲಿ ಕಂಪೌಂಡರ್ ಆಗಿದ್ದ ಬಾಮೈದ ನೀರು ತಂದಿಟ್ಟು ಮೂಲೆಯಲ್ಲಿ ಕೂತ. ಅಕ್ಕ ತೀರಿಕೊಂಡ ಮೇಲೂ ಅವನು ಭಾವನ ಮನೆ ಬಿಟ್ಟು ಹೋಗಿರಲಿಲ್ಲ. ಭಾವ ಎಂದರೆ ಬೀದಿಗೆಲ್ಲ 'ಗುಜರಿ ಸರ್ವೇಯರ್'. ವಿಮಾ ಕಂಪನಿಗಾಗಿ ನಜ್ಜುಗುಜ್ಜಾದ ಗಾಡಿಗಳನ್ನು ನೋಡುತ್ತಲೇ ತಲೆ ನರೆಸಿಕೊಂಡವರು. ಹೊಸ ಗಾಡಿ ತೋರಿಸಿದರೂ ಎಲ್ಲಿ ಗುದ್ದಿಸಿದ್ರಿ ಎಂದು ಕೇಳುತ್ತಾರೆಂದು ಜನ ನಗುತ್ತಿದ್ದರು. ದಿಕ್ಕು ತೋಚದಾಗ ಪೊಲೀಸರು ಬಂದು ತಟ್ಟುತ್ತಿದ್ದದ್ದೂ ಅವರ ಬಾಗಿಲನ್ನೇ.

"ನಡೆದದ್ದು ಹೇಳಮ್ಮ."

ಮೈದುನನದು ಗ್ಯಾರೇಜು. ಅಣ್ಣನ ಡೀಸೆಲ್ ಎಸ್‌ಯುವಿಯ ಸ್ಟೀರಿಂಗ್ ಒಂದು ಪಕ್ಕಕ್ಕೆ ಎಳೆಯುತ್ತಿತ್ತು, ಬ್ರೇಕು ಕಿರುಗುಟ್ಟುತ್ತಿತ್ತು. ತಮ್ಮ ಬ್ರೇಕ್ ಪ್ಯಾಡ್ ಬದಲಿಸಿ, ಸ್ಟೀರಿಂಗ್ ಕೆಲಸ ಬಾಕಿಯಿದೆ, ಗಾಡಿ ಇಲ್ಲೇ ಇರಲಿ ಎಂದಿದ್ದ. ಮಾತಿಗೆ ಮಾತು ಬೆಳೆಯಿತು. ಅಣ್ಣ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಟ್ಟಿನಲ್ಲೇ ಹೊರಟುಬಿಟ್ಟ. ಗುಡ್ಡದ ಇಳಿಜಾರಿನಲ್ಲಿ ಗಾಡಿ ಮರಕ್ಕೆ ಅಪ್ಪಳಿಸಿತು.

"ಸಿಕ್ಕಾಪಟ್ಟೆ ಜೋರಾಗಿ ಓಡಿಸ್ತಿದ್ರು. ನಿಲ್ಲಿಸಿ ಅಂತ ಬೇಡ್ಕೊಂಡೆ. ಆಮೇಲೆ 'ಪೆಡಲ್ ಕಲ್ಲಾಗಿದೆ ಕಣೇ, ಸ್ಟೀರಿಂಗೂ ತಿರುಗ್ತಿಲ್ಲ' ಅಂದ್ರು. ಪಿಸುಗುಟ್ಟಿದ ಹಾಗೆ ಅಂದ್ರು, ಒಂದೊಂದು ಮಾತೂ ಇನ್ನೂ ಕಿವೀಲಿದೆ. ನಾನೂ ನನ್ನ ಕೈಲಾದ್ದು ಮಾಡ್ದೆ. ಉಳಿಸ್ಕೊಳ್ಳೋಕಾಗ್ಲಿಲ್ಲ."

"ಪಿಸುಗುಟ್ಟಿದ ಹಾಗಾ?"

"ಹೂಂ."

ಸರ್ವೇಯರ್ ಎದ್ದು ಚಪ್ಪಲಿ ಮೆಟ್ಟಿದರು.

ಗಾಡಿ ಪೊಲೀಸ್ ಠಾಣೆಯ ಹಿತ್ತಲಲ್ಲಿ ನಿಂತಿತ್ತು. "ಏರ್‌ಬ್ಯಾಗ್ ಕೂಡ ಬಿಚ್ಚಿಕೊಂಡಿಲ್ಲ," ಎಂದರು ಇನ್ಸ್‌ಪೆಕ್ಟರ್. "ಅದನ್ನೂ ಆ ತಮ್ಮನೇ ಕೆಡಿಸಿರಬೇಕು. ಕೇಳಿದ್ರೆ ತುಟಿಪಿಟಕ್ಕೆನ್ನಲ್ಲ."

ಸರ್ವೇಯರ್ ನೆಲಕ್ಕೆ ಮಲಗಿ ನೋಡಿದರು. ಬ್ರೇಕ್ ಆಯಿಲ್ ತುಂಬಿತ್ತು, ಪ್ಯಾಡ್‌ಗಳು ನೀಟಾಗಿ ಕೂತಿದ್ದವು, ಇಂಜಿನ್ನಿನ ಬೆಲ್ಟ್ ಹರಿದಿರಲಿಲ್ಲ, ಏರ್‌ಬ್ಯಾಗಿನ ವೈರು ನೆಟ್ಟಗಿತ್ತು. ಎದ್ದು ಬಂದವರು ಕೈಯ ಮಣ್ಣನ್ನೂ ಕೊಡವದೆ ಕಿಟಕಿಯಿಂದ ಗೇರು, ಸ್ಟಾರ್ಟ್ ಬಟನ್ ನೋಡಿದರು.

"ಯಾರು ಮಾಡಿದ್ದು ಭಾವ?" ಎಂದ ಜೊತೆಗೆ ಬಂದಿದ್ದ ಕಂಪೌಂಡರ್.

"ಎಲ್ಲರನ್ನೂ ಇಲ್ಲಿಗೇ ಕರೆಸು. ಹೇಳದೇ ಇದ್ರೆ ಆ ಗ್ಯಾರೇಜಿನ ಹುಡುಗ ಜೈಲಿಗೆ ಹೋಗ್ತಾನೆ. ಇಲ್ಲದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ."

ಮರುದಿನ ಆ ಹಿತ್ತಲಲ್ಲಿ ಅತ್ತಿಗೆ ಒಂದು ಕಡೆ, ಮೈದುನ ಒಂದು ಕಡೆ ನಿಂತರು. ಅವನು ತಲೆ ಎತ್ತಲಿಲ್ಲ.

"ಬ್ರೇಕ್ ಆಯಿಲ್ ಸೋರಿದ್ರೆ ಪೆಡಲ್ ಕೆಳಕ್ಕೆ ಕುಸಿಯುತ್ತೆ," ಎಂದು ಶುರು ಮಾಡಿದರು ಸರ್ವೇಯರ್. "ಇಲ್ಲಿ ಕಲ್ಲಾಯ್ತು. ಅಂದ್ರೆ ಕಾಲಿಗೆ ನೆರವಾಗೋ ಬೂಸ್ಟರ್ ಸೋತಿದೆ. ಡೀಸೆಲ್ ಗಾಡೀಲಿ ಅದಕ್ಕೆ ಬಲ ಕೊಡೋದು ಇಂಜಿನ್ ತಿರುಗಿಸೋ ಒಂದು ಪಂಪು. ಈ ಗಾಡೀಲಿ ಸ್ಟೀರಿಂಗ್ ಹಗುರ ಮಾಡೋದೂ ಇಂಜಿನ್ನೇ. ಬೆಲ್ಟ್ ಸರಿ ಇದ್ದೂ ಎರಡೂ ಒಟ್ಟಿಗೆ ಹೋದ್ವು ಅಂದ್ರೆ ಇಂಜಿನ್ನೇ ನಿಂತಿದೆ."

"ತಾನಾಗೇ ಆಫ್ ಆಗಿರಬಹುದಲ್ಲ?" ಎಂದರು ಇನ್ಸ್‌ಪೆಕ್ಟರ್.

"ನಾನೂ ಹಾಗೇ ಆಗಿರಲಿ ಅಂದ್ಕೊಂಡೆ. ಆದ್ರೆ ತಾನಾಗಿ ಆಫ್ ಆದ್ರೆ ಬ್ಯಾಟರಿಯ ಕರೆಂಟು ಇದ್ದೇ ಇರುತ್ತೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ. ಅದೂ ಬಿಚ್ಚಿಲ್ಲ. ಯಾರೋ ಸ್ಟಾರ್ಟ್ ಬಟನ್ ಒತ್ತಿ ಹಿಡಿದು ಇಡೀ ಗಾಡೀನೇ ಆರಿಸಿದ್ದಾರೆ. ಆಟೋಮ್ಯಾಟಿಕ್ ಗೇರು, ಇಂಜಿನ್ ಸತ್ತರೂ ಇಳಿಜಾರಲ್ಲಿ ಚಕ್ರ ಉರುಳ್ತಾನೇ ಇರುತ್ತೆ. ಸಿಟ್ಟಲ್ಲಿ ವೇಗ ಏರಿಸ್ತಿದ್ದೋರು ತಾವೇ ಆರಿಸಲ್ಲ. ಡೀಸೆಲ್ ಇಂಜಿನ್ ಅಬ್ಬರಿಸ್ತಿದ್ರೆ ಪಿಸುಮಾತು ಯಾರಿಗೂ ಕೇಳಿಸಲ್ಲ..."

ಗಾಡಿಯಲ್ಲಿ ಇದ್ದದ್ದು ಇಬ್ಬರೇ.

"ನಾನೇ," ಎಂದಳು ಆಕೆ. "ಅವರು ಮಾತು ಕೇಳಲಿಲ್ಲ. ಭಯ ಆಯ್ತು. ಆರಿಸಿದ್ರೆ ನಿಲ್ಲುತ್ತೆ ಅಂದ್ಕೊಂಡೆ. ಏನನ್ನೇ ಆಗ್ಲಿ, ಆರಿಸಿದ್ರೆ ನಿಲ್ಲುತ್ತಲ್ವಾ?"

ಅವಳು ಕುಸಿದಳು. ಎಲ್ಲರಿಗಿಂತ ಮೊದಲು ಓಡಿಬಂದು ಹಿಡಿದುಕೊಂಡವನು ಮೈದುನ.

"ನಿನಗೆ ಗೊತ್ತಿತ್ತು," ಎಂದರು ಸರ್ವೇಯರ್ ಅವನಿಗೆ.

"ಪೆಡಲ್ ಕಲ್ಲಾಗಿತ್ತು ಅಂತ ಅತ್ತಿಗೆ ಆಸ್ಪತ್ರೇಲಿ ಅಂದಾಗ್ಲೇ ಅನುಮಾನ ಬಂತು. ಬಿಚ್ಚದ ಏರ್‌ಬ್ಯಾಗ್ ನೋಡ್ದಾಗ ಖಾತ್ರಿಯಾಯ್ತು."

"ಮತ್ತೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?" ಇನ್ಸ್‌ಪೆಕ್ಟರ್ ಗದರಿದರು.

"ಅವತ್ತಿಂದ ಅನ್ನ ಮುಟ್ಟಿರಲಿಲ್ಲ ಸಾರ್ ಅವರು. ನನ್ನನ್ನ ಬೈಯೋಕೆ ಮಾತ್ರ ಎದ್ದು ಕೂರ್ತಿದ್ರು. ನನ್ನ ಮೇಲಿನ ಸಿಟ್ಟಲ್ಲಾದ್ರೂ ಬದುಕಿರಲಿ ಅಂದ್ಕೊಂಡೆ."

ಅವಳು ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಮುಖ ಎತ್ತಿ ಸರ್ವೇಯರರನ್ನು ನೋಡಿದಳು.

"ನಾನೇ ಆರಿಸಿದ್ದು ಅಂತ ಅವರಿಗೆ ಗೊತ್ತಾಗಿತ್ತಾ?"

ಬಟನ್ನು ಸ್ಟೀರಿಂಗಿನ ಮಗ್ಗುಲಲ್ಲೇ ಇತ್ತು, ಒತ್ತಲು ಬಂದ ಕೈ ಕಾಣದೆ ಇರದು. ಗಾಡಿ ಆರಿದರೆ ಓಡಿಸುವವನ ಕಣ್ಣೆದುರಿನ ದೀಪಗಳೆಲ್ಲ ಒಮ್ಮೆಗೇ ಆರುತ್ತವೆ. ಕಂಪೌಂಡರನಿಗೇ ಹೊಳೆದದ್ದು ಭಾವನಿಗೆ ಹೊಳೆಯದೆ ಇರುತ್ತದೆಯೇ?

"ಇಲ್ಲಮ್ಮ," ಎಂದರು ಸರ್ವೇಯರ್. "ಗೊತ್ತಾಗಿರಲಿಲ್ಲ."

ಹೇಗೆ ಎಂದು ಅವರು ವಿವರಿಸಲಿಲ್ಲ. ಅಲ್ಲಿದ್ದ ಯಾರೂ ಕೇಳಲೂ ಇಲ್ಲ.